ಅಫಜಲಪುರದ ಬಚ್ಚಲ ಹೊಗೆ

…ಹೊಗೆ ಎದ್ದದ್ದು ನಿಜ, ಅದನ್ನ ನಾನು ಇವತ್ತಿಗೂ ಇಲ್ಲ ಅನ್ನೋದಿಲ್ಲ. ಮೇ ತಿಂಗಳು, ಬೆಳಗಿನ ಹೊತ್ತು, ಅಫಜಲಪುರದ ಒಂದು ಮನೆಯ ಬಚ್ಚಲಿಂದ ಹೊಗೆ ಬಂತು. ಪ್ರಾಣಹಾನಿ ಏನೂ ಆಗಲಿಲ್ಲ. ಆದ್ರೆ ಸುದ್ದಿ ಓಣಿ ದಾಟಿ, ಬಸ್ ಸ್ಟ್ಯಾಂಡ್ ದಾಟಿ, ಆಳಂದ ತಾಲೂಕಿನ ಭೂಸನೂರು ತನಕ ಹೋಯ್ತು, ಅಲ್ಲಿಂದ ಒಂದು ಮರದ ತೊಟ್ಟಿಲು ಬಸ್ಸಿನ ನೆತ್ತಿ ಹತ್ತಿ ಬಂತು. ನೀವು ಈಗ ಗೀಸರ್ ಗುಂಡಿ ಒತ್ತಿದ್ರೆ ನಾಯಿನೂ ತಿರುಗಿ ನೋಡೋದಿಲ್ಲ, ಅದಕ್ಕೇ ನಿಮಗೆ ಆ ವಿಷಯದ ಗಾಂಭೀರ್ಯ ತಿಳಿಯೋಲ್ಲ. ಕೂತ್ಕೊಳ್ಳಿ, ಹೇಗೂ ಕರೆಂಟು ಹೋಗಿದೆ.

ನಾನು ಮಳವಳ್ಳಿ ಕಡೆಯವನು, ಗೊತ್ತಲ್ಲ. ಮೊದಲನೇ ಕೆಲಸ, ದನದ ಆಸ್ಪತ್ರೆಯಲ್ಲಿ ಕಂಪೌಂಡರು, ಊರು ಅಫಜಲಪುರ. ಆಸ್ಪತ್ರೆ ಅಂತ ನಾನಂದೆ, ಅಲ್ಲಿ ಯಾರೂ ಅನ್ನೋದಿಲ್ಲ, ದವಾಖಾನಿ ಅಂತಾರೆ. ಬಂದಾಗ ಚಳಿಗಾಲ. ಚಳಿಗಾಲದಲ್ಲಿ ಬಂದವನಿಗೆ ಆ ಊರು ಬಹಳ ಮರ್ಯಾದೆ ಕೊಡುತ್ತೆ. ಅಕ್ಕಪಕ್ಕದ ಎಲ್ಲ ಮನೇಲೂ ಬೆಳಿಗ್ಗೆ ನೀರು ಕಾಯಿಸ್ತಿದ್ರು, ನಾನೂ ಸ್ನಾನ ಮಾಡ್ತಿದ್ದೆ, ಏನೂ ತೊಂದರೆ ಇರಲಿಲ್ಲ. ಊಟದ್ದೇ ಸ್ವಲ್ಪ ಕಷ್ಟ. ನಾವು ಮುದ್ದೆ ನುಂಗೋ ಜನ, ಅಗಿಯೋ ಅಭ್ಯಾಸ ಇಲ್ಲ. ಮೊದಲ ದಿನ ಖಡಕ್ ಜೋಳದ ರೊಟ್ಟೀನ ಮುರಿದು ಸಾರಲ್ಲಿ ಅದ್ದಿ ಹಾಗೇ ಒಳಗೆ ಬಿಟ್ಟೆ. ಅದು ಅರ್ಧ ದಾರೀಲಿ ಅಡ್ಡ ನಿಂತ್ಕೊಂಡಿತು, ಮೇಲೂ ಇಲ್ಲ ಕೆಳಗೂ ಇಲ್ಲ, ಆರು ಲೋಟ ನೀರು ಕುಡಿದ ಮೇಲೆ ಮನಸ್ಸು ಬದಲಾಯಿಸ್ತು. ಹೋಗ್ಲಿ, ಅದು ಬೇರೆ ಮಾತು.

ನಾನಿದ್ದದ್ದು ಶಾಂತಾಬಾಯಿ ಅನ್ನೋರ ಮನೇಲಿ, ಮುಂದಿನ ಕೋಣೆ ನನ್ನದು, ಹಿಂದಿನ ಮನೆ ಅವರದು, ಅಂಗಳ, ಬಚ್ಚಲು ಇಬ್ಬರಿಗೂ ಒಂದೇ. ಗಂಡ ಇಲ್ಲ, ಒಬ್ಬಳೇ ಮಗಳು ಸುಮಿತ್ರಾ, ಅವಳನ್ನ ಜೇವರ್ಗಿಗೆ ಕೊಟ್ಟಿದ್ರು. ಶಾಂತಾಬಾಯಿಗೆ ಒಬ್ಬ ಅಣ್ಣ, ಸಿದ್ದಣ್ಣ ಅಂತ, ಭೂಸನೂರಲ್ಲಿ ಕಬ್ಬು ಬೆಳೆಯೋನು. ಆ ಸಿದ್ದಣ್ಣನಿಗೆ ಒಬ್ಬ ಮಗಳು, ಮಾದೇವಿ. ಸಂಕ್ರಾಂತಿಗೆ ಅತ್ತೆ ಮನೆಗೆ ಅಂತ ಬಂದಿದ್ಲು. ನಾನು ಅಂಗಳದಲ್ಲಿ ಕೂತು ರೊಟ್ಟಿ ಅಗೀತಿದ್ದೆ, ಅವಳು ನಿಂತು ನೋಡಿ, ಅತ್ತೆಗೆ ಕೇಳಿಸೋ ಹಾಗೆ, ಅಂದ್ರೆ ನನಗೂ ಕೇಳಿಸೋ ಹಾಗೆ, 'ಅತ್ತಿ, ನಿಮ್ಮ ಕಂಪೌಂಡರು ರೊಟ್ಟಿ ಕೂಡ ಜಗಳಾ ಆಡಾಕತ್ತಾರ' ಅಂದ್ಲು. ಅಷ್ಟೇ. ಅವತ್ತಿಂದ ನನಗೆ ಆ ಊರು ಬಿಡೋ ಮನಸ್ಸಿಲ್ಲ.

ಶಾಂತಾಬಾಯಿ ಸೂಕ್ಷ್ಮ ಹೆಂಗಸು, ನಾನು ಹೇಳದೇನೇ ತಿಳ್ಕೊಂಡ್ರು, ಅಣ್ಣನ ಕಿವಿಗೂ ಹಾಕಿದ್ರು. ಎರಡೂ ಮನೇಲಿ ಲಿಂಗಪೂಜೆ, ಆ ಕಡೆಯಿಂದ ಅಡ್ಡಿ ಇರಲಿಲ್ಲ. ಸಿದ್ದಣ್ಣನಿಗೆ ಇದ್ದ ಅನುಮಾನ ಒಂದೇ. ದಕ್ಷಿಣದಿಂದ ಬಂದ ನೌಕರರನ್ನ ಅವರು ಬೇಕಾದಷ್ಟು ನೋಡಿದ್ರು. ದೀಪಾವಳಿಗೆ ಬರ್ತಾರೆ, ಊರು ಭಾಳ ಚಂದ ಅಂತಾರೆ, ಯುಗಾದಿ ಆದ್ಮೇಲೆ ಪೆಟ್ಟಿಗೆ ಕಟ್ತಾರೆ. 'ಬಿಸಿಲಿಗಿ ಓಡಿ ಹೋಗೂ ಮನಷ್ಯಾಗ ಮಗಳ್ನ ಕೊಟ್ಟು ನಾ ಮಳವಳ್ಳಿ ತನಕ ಹುಡುಕ್ಕೋತ ಹೋಗಲೇನು? ಒಂದ್ ಬ್ಯಾಸಿಗಿ ಕಳೀಲಿ, ಆಮ್ಯಾಲ ನೋಡೂಣು' ಅಂತ ಹೇಳಿ ಕಳಿಸಿದ್ರಂತೆ. ಅಲ್ಲಿಗೆ ನನ್ನ ಮದುವೆ ಬೇಸಿಗೆ ಕೈಯಲ್ಲಿ.

ಬೇಸಿಗೆ ಬಂತು. ಬಿಸಿಲು ನಮ್ಮೂರಲ್ಲೂ ಇತ್ತು, ಇಲ್ಲ ಅನ್ನೋಲ್ಲ, ಆದ್ರೆ ಅದು ಮೇಲಿಂದ ಬರ್ತಿತ್ತು, ಕೊಡೆ ಹಿಡಿದ್ರೆ ಮುಗೀತು. ಇಲ್ಲಿ ಕೊಡೆ ಹಿಡಿದ್ರೆ ನೆಲದಿಂದ ಬರ್ತಿತ್ತು. ಮಧ್ಯಾಹ್ನ ಒಂದು ಗಾಳಿ ಬೀಸ್ತದೆ, ಒಲೆ ಮುಂದೆ ಯಾರೋ ನಿಮ್ಮನ್ನ ಹಿಡ್ಕೊಂಡು ನಿಂತ ಹಾಗೆ. ಎಮ್ಮೆಗಳು ದವಾಖಾನೆಗೆ ಬರೋದನ್ನ ಬಿಟ್ಟು ಭೀಮಾ ಹೊಳೆಯಲ್ಲಿ ಉಳಿದಿದ್ದ ಮಡುವಿಗೆ ಹೋಗಿ ಕೂತವು, ಅವುಕ್ಕೆ ನನಗಿಂತ ಬುದ್ಧಿ ಇತ್ತು. ಶಾಂತಾಬಾಯಿ ಪಾಠ ಹೇಳಿಕೊಟ್ರು. ಕಿವೀಗೆ ಅರಳೆ ಇಟ್ಕೋಬೇಕು, ತಲೆ ಕಿವಿ ಮುಚ್ಚೋ ಹಾಗೆ ಬಟ್ಟೆ ಕಟ್ಕೋಬೇಕು, ಬಾಗಿಲು ಕಿಟಕಿ ಹಾಕ್ಕೊಂಡು ಕತ್ತಲೇಲಿ ಬಿದ್ಕೋಬೇಕು. ಅರಳೆಗೇನು, ದವಾಖಾನೆಯವನು ನಾನು. ಎಲ್ಲ ಪಾಲಿಸ್ದೆ. ನನ್ನದೂ ಒಂದು ಉಪಾಯ ಸೇರಿಸ್ದೆ, ಹಳೇ ಬಿಳಿ ಪಂಚೇನ ಸಣ್ಣ ಸಣ್ಣ ಚೌಕಾಗಿ ಹರಿದು, ನೀರಲ್ಲಿ ಅದ್ದಿ ಎದೆ ಮೇಲೆ, ಹಣೆ ಮೇಲೆ ಹಾಕ್ಕೊಳ್ಳೋದು. ಸಂಜೆ ಅವನ್ನೆಲ್ಲ ಒಗೆದು ಅಂಗಳದ ಹಗ್ಗಕ್ಕೆ ಸಾಲಾಗಿ ಒಣ ಹಾಕೋದು. ಈ ಬಟ್ಟೆ ಚೂರುಗಳನ್ನ ಸ್ವಲ್ಪ ಮನಸ್ಸಲ್ಲಿಟ್ಕೊಳ್ಳಿ.

ಎಲ್ಲ ತಡ್ಕೊಂಡೆ, ತಣ್ಣೀರು ಮಾತ್ರ ತಡೀಲಿಲ್ಲ. ಬೇಸಿಗೇಲಿ ಅಲ್ಲಿ ಯಾರೂ ನೀರು ಕಾಯಿಸೋಲ್ಲ. ಶಾಂತಾಬಾಯಿ ಯುಗಾದಿ ಆದ ಮರುದಿನವೇ ಬಚ್ಚಲ ಒಲೆ ಬಾಯಿಗೆ ಒಂದು ಕಲ್ಲು ಮುಚ್ಚಿಬಿಟ್ರು. ನಮ್ಮ ಕಡೆ ಹೇಗೆ, ಬಿಸಿಲು ಏನೇ ಇರಲಿ, ಹಂಡೆ ಉರೀಬೇಕು, ನೀರು ಹೊಗೆಯಾಡ್ಬೇಕು, ಚರ್ಮ ಕೆಂಪಗಾಗ್ಬೇಕು, ಆಗ ಸ್ನಾನ. ತಣ್ಣೀರು ಹುಯ್ಕೊಳ್ಳೋದು ಮಣ್ಣಿಗೆ ಹೋಗಿ ಬಂದವರು. ಹಾಗಾಗಿ ದಿನಾ ಬೆಳಿಗ್ಗೆ ತಣ್ಣೀರು ಹುಯ್ಕೊಂಡಾಗಲೆಲ್ಲ ನನಗೆ ಯಾರೋ ಹತ್ತಿರದವರು ಹೋದಷ್ಟು ದುಃಖ ಆಗ್ತಿತ್ತು. ಯಾರು ಅಂತ ಗೊತ್ತಿಲ್ಲ, ದುಃಖ ಮಾತ್ರ ಆಗ್ತಿತ್ತು.

ಹೀಗಿರುವಾಗ ಶಾಂತಾಬಾಯಿ ಜೇವರ್ಗಿಗೆ ಹೊರಟ್ರು. ಸುಮಿತ್ರಾಗೆ ಚೊಚ್ಚಲು, ದಿನ ತುಂಬಿತ್ತು, ತವರಿಗೆ ಕರ್ಕೊಂಡು ಬರ್ತೀನಿ ಅಂತ ಓಣಿಗೆಲ್ಲ ಹೇಳಿ ಹೋದ್ರು. ಅಲ್ಲಿ ಹೋದ್ರೆ ಡಾಕ್ಟರು ಬಸ್ಸಲ್ಲಿ ಕೂರಿಸಬೇಡಿ ಅಂದ್ರಂತೆ, ಅವರು ಅಲ್ಲೇ ಉಳಿದ್ರು. ಮೊಬೈಲಿಲ್ಲ, ಎಂಥದೂ ಇಲ್ಲ. ನನಗೆ ಒಬ್ಬ ಲಾರಿಯವನು ಬಂದು ಹೇಳಿ ಹೋದ. ಓಣಿಯವರಿಗೆ ಯಾರೂ ಹೇಳಲಿಲ್ಲ. ಹೇಳಬೇಕು ಅಂತ ನನಗೂ ತೋಚಲಿಲ್ಲ.

ನನಗೆ ತೋಚಿದ್ದು ಬೇರೆ. ಮರುದಿನ ಬೆಳಿಗ್ಗೆ ಒಲೆ ಬಾಯಿಯ ಕಲ್ಲು ತೆಗೆದೆ. ಅಂಗಳದ ಮೂಲೇಲಿ ಒಣಗಿದ ತೊಗರಿ ಕಟ್ಟಿಗೆ ಒಟ್ಟಿದ್ರು, ಮಳೆಗಾಲಕ್ಕೆ ಅಂತ. ಒಂದು ತೆಕ್ಕೆ ತಂದು ಹಚ್ಚಿದೆ. ಹಸೀದೂ ಒಂದಿಷ್ಟು ಸೇರಿತ್ತೇನೋ, ಹೊಗೆ ಅಂದ್ರೆ ಹೊಗೆ, ಮಾಳಿಗೆ ಮೇಲೆ ಕಂಬದ ಹಾಗೆ ನಿಂತಿತು. ಒಳಗೆ ನಾನು ಸುಡು ಸುಡು ನೀರು ಹುಯ್ಕೊಂಡು, ಅಯ್ಯಪ್ಪಾ, ಶಿವನೇ, ಅಂತ ಸುಖಕ್ಕೆ ನರಳ್ತಾ ಇದ್ದೆ.

ಈಗ ಓಣಿಯವರ ಕಡೆಯಿಂದ ನೋಡಿ. ಅಲ್ಲಿ ಮೇ ತಿಂಗಳಲ್ಲಿ ಬಚ್ಚಲ ಒಲೆ ಹೊಗೆಯಾಡಿದ್ರೆ ಅದಕ್ಕೆ ಒಂದೇ ಅರ್ಥ, ಮನೇಲಿ ಬಾಣಂತಿ ಇದ್ದಾಳೆ. ಬೇರೆ ಯಾರಿಗೂ ಆ ಕಾಲದಲ್ಲಿ ಬಿಸಿನೀರು ಹಾಕೋಲ್ಲ. ಶಾಂತಾಬಾಯಿ ಮಗಳನ್ನ ಕರ್ಕೊಂಡು ಬರ್ತೀನಿ ಅಂತ ಹೋಗಿದ್ರು. ಬಂದಿದ್ದಾರೆ, ಹೆರಿಗೆನೂ ಆಗಿದೆ. ಬಾಗಿಲು ಹಾಕಿದೆ, ದೃಷ್ಟಿ ಆಗಬಾರದು ಅಂತ. ಒಳಗೆ ಯಾರೋ ನರಳ್ತಿದ್ದಾರೆ. ಹಗ್ಗದ ಮೇಲೆ ಸಾಲಾಗಿ ಸಣ್ಣ ಸಣ್ಣ ಬಿಳಿ ಬಟ್ಟೆ. ಇನ್ನೇನು ಬೇಕು? ಮಗು ಅಳೋದು ಕೇಳಿಸಲ್ವಲ್ಲ ಅಂತ ಒಬ್ಬರು ಅನುಮಾನ ಪಟ್ರಂತೆ. ಅದಕ್ಕೆ ಇನ್ನೊಬ್ಬರು, ಶಾಣ್ಯಾ ಕೂಸು ಇರಬೇಕು ಅಂದ್ರಂತೆ. ಎಲ್ಲರೂ ಒಪ್ಪಿದ್ರು.

ಪಕ್ಕದ ಮನೆ ಖಾಜಾಬಿ ಬಂದ್ಲು, ಶಾಂತಾಬಾಯಿಯ ಪ್ರಾಣದ ಗೆಳತಿ. ಬಾಗಿಲು ಅರ್ಧ ತೆಗೆದೆ. ಒಳಗೆ ಇಣುಕದೆ, ಒಂದು ಸ್ಟೀಲ್ ಡಬ್ಬಿ ಕೈಗಿಟ್ಟು, ದನಿ ತಗ್ಗಿಸಿ, 'ಮುಂಜಾನಿ ಒಂದು, ಸಂಜಿಗಿ ಒಂದು. ಬಿಸಿನೀರ ಮಾತ್ರ ಕಮ್ಮಿ ಮಾಡಬ್ಯಾಡ್ರಿ ಡಾಕ್ಟರಸಾಬ್' ಅಂದ್ಲು. ನನ್ನ ಕಣ್ಣಲ್ಲಿ ನೀರು ಬಂತು. ಅಫಜಲಪುರದಲ್ಲಿ ಬಿಸಿನೀರಿನ ಬೆಲೆ ತಿಳಿದೋರು ಒಬ್ಬರಾದ್ರೂ ಇದ್ದಾರಲ್ಲ ಅಂತ. ಡಬ್ಬಿ ತೆಗೆದ್ರೆ ಅಂಟಿನುಂಡಿ. ಗೋಂದು, ಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪ. ಬಾಣಂತಿಗೆ ಮೈ ಗಟ್ಟಿಯಾಗ್ಲಿ ಅಂತ ಮಾಡೋದು, ಆಗ ನನಗೆ ಗೊತ್ತಿಲ್ಲ. ಆ ಕಡೆಯ ಉಪಚಾರ ಇರಬೇಕು ಅಂತ ತಿಂದೆ. ಮುಂಜಾನೆ ಒಂದು, ಸಂಜೆಗೆ ಒಂದು. ಚೆನ್ನಾಗಿದ್ವಲ್ಲ, ಮಧ್ಯಾಹ್ನವೂ ಒಂದು. ಮೂರನೇ ದಿನ ಮೂಗಲ್ಲಿ ರಕ್ತ ಬಂತು. ಅದನ್ನ ನಾನು ಹವಾಮಾನದ ಲೆಕ್ಕಕ್ಕೆ ಬರೆದೆ. ಖಾಲಿ ಡಬ್ಬಿ ವಾಪಸ್ ಕೊಟ್ಟು ಭಾಳ ಛಲೋ ಇತ್ರಿ ಅಂದೆ. ಬಾಣಂತಿ ಚೆನ್ನಾಗಿ ತಿಂತಿದ್ದಾಳೆ ಅಂತ ಖಾಜಾಬಿ ಸಂತೋಷಪಟ್ಟು ಇನ್ನೊಂದು ಡಬ್ಬಿ ಮಾಡಿದ್ಲು. ಅಷ್ಟಕ್ಕೇ ಬಿಡದೆ, ಆಳಂದ ಕಡೆ ಹೊರಟ ಬಸ್ಸಿನ ಕಂಡಕ್ಟರಿಗೆ ಹೇಳಿ, ಭೂಸನೂರಿನ ಸಿದ್ದಣ್ಣಗೆ ಸುದ್ದಿ ಮುಟ್ಟಿಸಿದ್ಲು.

ಸುದ್ದಿ ಮುಟ್ಟಿದ ಮರುದಿನ ರಜೆ, ನಾನು ತಡವಾಗಿ ಎದ್ದಿದ್ದೆ. ಬಿಸಿಲು ಆಗಲೇ ನೆತ್ತಿಗೆ. ಒಲೆ ಧಗಧಗ ಉರೀತಿತ್ತು, ಸ್ನಾನ ಮುಗಿಸಿ, ಪಂಚೆ ಉಟ್ಟು, ಕಿವೀಲಿ ಅರಳೆ, ತಲೇಗೆ ಬಟ್ಟೆ ಕಟ್ಟಿ, ಕೈಯಲ್ಲಿ ಉಂಡಿ ಹಿಡ್ಕೊಂಡು ಅಂಗಳದಲ್ಲಿ ನಿಂತಿದ್ದೆ. ಬಾಗಿಲು ತಳ್ಳಿ ಸಿದ್ದಣ್ಣ ಬಂದ್ರು, ತಲೆ ಮೇಲೆ ತೊಟ್ಟಿಲು. ಹಿಂದೆ ಮಾದೇವಿ, ಕೈಯಲ್ಲಿ ಕೂಸಿನ ತಲೆಗೆ ಕುಲಾಯಿ, ಮೈಗೆ ಅಂಗಿ. ಅವರ ಹಿಂದೆ ಖಾಜಾಬಿ. ಸಿದ್ದಣ್ಣ ಹಿಂದಿನ ಮನೆ ಬೀಗ ನೋಡಿದ್ರು, ಒಲೆ ನೋಡಿದ್ರು, ಹಗ್ಗದ ಬಟ್ಟೆ ನೋಡಿದ್ರು, ನನ್ನನ್ನ ನೋಡಿದ್ರು. ತೊಟ್ಟಿಲು ಇಳಿಸೋದು ಮರೆತುಹೋಯ್ತು ಅವರಿಗೆ.

ಮೊದಲು ಬಾಯಿ ಬಿಟ್ಟವಳು ಮಾದೇವಿ. 'ಅಪ್ಪಾ,' ಅಂದ್ಲು, 'ಬಾಣಂತಿಗಿ ಮೀಸಿ ಬಂದಾವ.'

ನಾನು ಎಲ್ಲ ಹೇಳ್ದೆ. ಲಾರಿಯವನು ತಂದ ಸುದ್ದಿ, ಹಂಡೆ, ಪಂಚೆ, ಎಲ್ಲ. ಉಂಡಿ ವಿಷಯ ಹೇಳುವಾಗ ಕೈಯಲ್ಲಿದ್ದದ್ದನ್ನ ಎಲ್ಲಿಡಬೇಕು ತಿಳೀದೆ ಖಾಜಾಬಿಗೇ ಚಾಚಿದೆ. 'ಇರ್ಲಿ ತಿನ್ರಿ, ನಿಮಗೇ ಬೇಕಾಗ್ಯದ' ಅಂದ್ಲು. ಸಿದ್ದಣ್ಣ ತೊಟ್ಟಿಲು ಇಳಿಸಿ ಅದರ ಅಂಚಿನ ಮೇಲೇ ಕೂತ್ರು. ತೊಗರಿ ಕಟ್ಟಿಗೆ ಒಟ್ಟಿದ್ದ ಮೂಲೆ ಕಡೆ ನೋಡಿದ್ರು, ಅಲ್ಲಿ ನೆಲ ಕಾಣ್ತಿತ್ತು. ತಂಗಿ ಮಳೆಗಾಲಕ್ಕೆ ಇಟ್ಟಿದ್ದನ್ನ ಬೇಸಿಗೇಲಿ ಸುಟ್ಟವನಿಗೆ ಯಾರು ಹೆಣ್ಣು ಕೊಡ್ತಾರೆ? ನಾನು ಮನಸ್ಸಲ್ಲೇ ಪೆಟ್ಟಿಗೆ ಕಟ್ಟೋಕೆ ಶುರುಮಾಡಿದ್ದೆ. ಮಳವಳ್ಳಿ ಬಸ್ಸು ಎಷ್ಟು ಹೊತ್ತಿಗೆ ಅಂತ ಯೋಚನೆ. ಅಲ್ಲ, ಮಳವಳ್ಳಿಗೆ ನೇರ ಬಸ್ಸೇ ಇರಲಿಲ್ಲ.

ಸಿದ್ದಣ್ಣ ಕೇಳಿದ್ರು, ದಿನಾ ಹೀಂಗೇ ನೀರು ಕಾಯಿಸ್ತೀರೇನು ಅಂತ. ಹೌದ್ರಿ ಅಂದೆ. ಈ ಬಿಸಿಲಾಗ? ಹೌದ್ರಿ. ಸಾಕಾಗ್ತದೋ ಇನ್ನಾ ಬಿಸಿ ಬೇಕಾಗ್ತದೋ? ಸುಳ್ಳು ಯಾಕೆ, ಇನ್ನೊಂಚೂರು ಇದ್ರೆ ಒಳ್ಳೇದು ಅಂದೆ. ಸಿದ್ದಣ್ಣ ಟೋಪಿ ತೆಗೆದು ಗಾಳಿ ಹಾಕ್ಕೊಂಡ್ರು. ಬೆವರು ಗಲ್ಲದಿಂದ ಇಳೀತಿತ್ತು.

'ಬಿಸಿಲಿಗಿ ಓಡಿ ಹೋಗತಾನು ಅಂತ ನಾ ಹೆದರಿದ್ದೆ,' ಅಂದ್ರು ಮಗಳ ಕಡೆ ತಿರುಗಿ. 'ಇಂವಗ ನಮ್ಮೂರ ಬಿಸಿಲು ಸಾಲವಲ್ದು, ಮ್ಯಾಲ ಒಲಿ ಹಚಗೊಂಡು ಕುಂತಾನ. ಇಂವಾ ಎಲ್ಲಿಗಿ ಓಡತಾನ? ನೀ ಏನಂತಿ?'

ಮಾದೇವಿ ಹಗ್ಗದ ಮೇಲಿದ್ದ ಪಂಚೆ ಚೂರೊಂದನ್ನ ಎಳೆದು ಮಡಚ್ತಾ ಇದ್ಲು. ತಲೆ ಎತ್ತಲಿಲ್ಲ.

'ಆಗಲಿ ಬಿಡು. ಕಟಗಿ ಮಾತ್ರ ಇವರೇ ತರಬೇಕು,' ಅಂದ್ಲು.

ಅದಕ್ಕೇ ಹೇಳೋದು, ಹೊಸ ಊರಿಗೆ ಹೋದ್ರೆ ಒಲೆ ಹಚ್ಚೋ ಮುಂಚೆ ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ ಹಚ್ಚಿ. ಸುಮಿತ್ರಾಗೆ ಮುಂದಿನ ವಾರ ಜೇವರ್ಗಿಯಲ್ಲೇ ಹೆರಿಗೆ ಆಯ್ತು, ಗಂಡು. ನಮ್ಮ ಮದುವೆ ಮಾಘದಲ್ಲಿ ಆಳಂದದಲ್ಲಿ ಆಯ್ತು. ಊಟಕ್ಕೆ ಗೋಧಿ ಹುಗ್ಗಿ ಮಾಡಿಸಿದ್ರು.