ಇಸುಬುವಿಗೆ ಕೊಟ್ಟ ಉತ್ತರ

2009ರ ಒಂದು ಸಂಜೆ ಗಲ್ಫ್‌ನಲ್ಲಿ ನಾವಿದ್ದ ಅಲ್ ಮಬೇಲಾದಲ್ಲಿ ಮಳೆ ಸುರಿದು ರಸ್ತೆಯೇ ಹಳ್ಳವಾಯಿತು. ಕರೆಂಟು ಹೋಯಿತು. ಊಟಕ್ಕೆ ಬಂದಿದ್ದ ಅನು, ಅವಳ ಗಂಡ ವಿನಯ್ ಹಿಂದಿರುಗಲಾಗದೆ ನಮ್ಮಲ್ಲೇ ಉಳಿದರು. ಬೌಷರ್‌ನ ವೈರ್‌ಲೆಸ್ ಕೋಣೆಯಲ್ಲಿ ದುಡಿದು ನಿವೃತ್ತರಾಗಿ ನಮ್ಮ ಮನೆಯಲ್ಲೇ ಇದ್ದ ಮಂಗಳೂರಿನ ರೋಸಲಿಂಡ್ ಆಂಟಿಯ ಬೆನ್ನಿಗೆ ಅನು ಕೇಳದೆಯೇ ಒಂದು ದಿಂಬು ಇಟ್ಟಳು. ಆಂಟಿ ಅವಳ ಕೈ ಸವರಿ ಮಾತು ತೆಗೆದರು.

"ಎರಡು ವರ್ಷದ ಹಿಂದೆ ಚಂಡಮಾರುತ ಬಂತಲ್ಲ, ಆಗಿನದ್ದು... ಅಲ್ ಅಮೇರಾತ್‌ನಲ್ಲಿ ವಾದಿ, ಅಂದ್ರೆ ಮಳೆ ಬಂದ್ರೆ ಮಾತ್ರ ಹರಿಯುವ ಹೊಳೆ, ಅದರ ದಂಡೆಯಲ್ಲಿ ನೀರಿನ ಮಟ್ಟ ನೋಡ್ಲಿಕ್ಕೆ ಒಂದು ಕ್ಯಾಬಿನ್, ಅದರಲ್ಲಿ ನಮ್ಮ ಉಳ್ಳಾಲದ ಇಸುಬು. ಫೋನ್ ಸತ್ತರೆ ಅವನು ಗುಂಡಿ ಒತ್ತಿ ಗಿಡ್ಡ, ಉದ್ದ ಸದ್ದುಗಳಲ್ಲಿ ಸುದ್ದಿ ಕಳಿಸ್ಬೇಕು, ನಾನು ಬೌಷರ್‌ನಲ್ಲಿ ಕೂತು ಬರ್ಕೊಳ್ಬೇಕು. ಕರಕರ ಸದ್ದಿನ ನಡುವೆ ತಪ್ಪು ಕೇಳಿಸಬಾರದು ಅಂತ ಒಂದು ರೂಲ್ಸ್ ಉಂಟು. ಒಂದೇ ಸುದ್ದಿ ಮೂರು ಸಲ. ಮೂರೂ ಒಂದೇ ಥರ ಬಂದ್ರೆ ಮಾತ್ರ ನಾನು ಉತ್ತರ ಒತ್ತೋದು, ಒಂದೇ ಒಂದು ಸದ್ದು. ಉತ್ತರ ಸಿಗುವವರೆಗೆ ಅವನು ಜಾಗ ಬಿಡುವ ಹಾಗಿಲ್ಲ. ನನ್ನ ಬೆರಳಿಗೆ ಗಂಟುನೋವು ಅಂತ ಗೊತ್ತಾದ ಮೇಲೆ ಪಾಪ, ನಿಧಾನ ಒತ್ತುತ್ತಿದ್ದ...

"ಆ ಮಧ್ಯಾಹ್ನ ಬಂತು, 'ನೀರು ಬಾಗಿಲಿಗೆ ಬಂತು, ಹೊರಡಲಾ?' ಎರಡು ಸಲ ಸರಿ. ಮೂರನೆಯದನ್ನು ಸಿಡಿಲು ನುಂಗಿತು. ಪುನಃ ಮೊದಲಿನಿಂದ... ಪುನಃ ಹಾಗೆಯೇ. ನಾನು ಉತ್ತರದ ಗುಂಡಿಗೆ ಕೈ ಹಾಕಿದೆ. ನಮ್ಮ ಸಾಹೇಬ್ರು ಬಾಲಸುಬ್ರಹ್ಮಣ್ಯ ಹಿಂದೆ ನಿಂತು ಹೇಳಿದ್ರು, 'ಮೇಡಂ, ಎರಡು ಯಾವಾಗ್ರೀ ಮೂರಾಯ್ತು? ನಿಮ್ಮೂರಿನವ್ನಿಗೆ ಬೇಗ ರೂಮಿಗೆ ಹೋಗೋ ಆಸೆ. ಒದ್ದಾಡ್ಲಿ ಬಿಡಿ.' ನಾನು ಕೈ ತೆಗೆದೆ. ಯಾಕೆ ತೆಗೆದೆ? ಹನ್ನೊಂದು ಸಲ ಕೇಳಿದ ಅವನು... ಕುತ್ತಿಗೆವರೆಗೆ ನೀರು ಬಂದಿರ್ಬೇಕು, ಆಗಲೂ ನನ್ನ ಬೆರಳಿಗೋಸ್ಕರ ನಿಧಾನ.

"ನಾಲ್ಕು ಗಂಟೆಗೆ ಮೂರೂ ಸಲ ಸ್ವಚ್ಛ ಬಂತು, ಒಂದು ಚೂರು ಕರಕರ ಇಲ್ಲ. ಉತ್ತರ ಒತ್ತಿದೆ. ಆಮೇಲೆ ಗೊತ್ತಾಯ್ತು, ಕ್ಯಾಬಿನ್ ಮೂರು ಗಂಟೆಗೇ ಅವನ ಸಮೇತ ಕೊಚ್ಚಿಹೋಗಿತ್ತು ಅಂತ.

"ಉತ್ತರ ಸಿಕ್ಕಿದ ಮೇಲೆ ಹೊರಡಬಹುದಲ್ಲ? ಹೊರಟ. ಐದು ಗಂಟೆಗೆ ಸಾಹೇಬ್ರು ಕುರ್ಚಿಯಲ್ಲೇ ಸತ್ತಿದ್ರು... ಅಂಗಿ ಒಣಗಿಯೇ ಉಂಟು, ಬಾಯಿ ತುಂಬ ವಾದಿಯ ಕೆಸರು.

"ಮಳೆ ಬಂದಾಗೆಲ್ಲ ಈಗಲೂ ಕೇಳ್ತಾನೆ, ಹೊರಡಲಾ ಅಂತ. ನಾನು ಉತ್ತರ ಕೊಡುದಿಲ್ಲ. ಕೈ ತೆಗೆದವಳು ನಾನೇ ಅಲ್ವಾ..."

ಅಡುಗೆಮನೆಯ ನೀರಿನ ಪೈಪಿನಲ್ಲಿ ಯಾರೋ ನಿಧಾನವಾಗಿ ತಟ್ಟಿದಂತಾಯಿತು. ನಿಂತಿತು. ಮತ್ತೆ ಅದೇ. ಮತ್ತೊಮ್ಮೆ ಅದೇ. ಪೈಪಿನ ಬಳಿ ನಿಂತಿದ್ದ ವಿನಯ್ ನಕ್ಕು, "ಮೇಲಿನ ಮನೆಯವ್ರು ತಮಾಷೆ ಮಾಡ್ತಿದಾರೆ, ಆಂಟಿ" ಎಂದು ಚಮಚದಿಂದ ತಾನೂ ಒಂದು ಸಲ ತಟ್ಟಿದ.

ಆಂಟಿ ಬೆರಳುಗಳನ್ನು ಮಡಚಿಕೊಂಡರು.

"ಕೊಟ್ಟುಬಿಟ್ಟೆಯಾ ಮಗಾ... ಬೌಷರ್‌ಗೆ ಬರ್ಲಿಕ್ಕೆ ಅವನಿಗೆ ಒಂದು ಗಂಟೆ ಹಿಡಿಯಿತು. ಇಲ್ಲಿಗೆ ಸ್ವಲ್ಪ ಜಾಸ್ತಿ ಬೇಕಾದೀತು."