ನಾಲ್ಕನೇ ಕೂಲಿಯಾಳು

ಅಲ್ಲ ಗೋದಾ, ಕೇಳ್ತಾ ಇದೀಯೋ ಇಲ್ವೋ? ಭಾನುವಾರ ಸಾಯಂಕಾಲದಿಂದ ಒಂದು ಮಾತಿಲ್ಲ, ಒಂದು ಹೂಂ ಇಲ್ಲ. ಬರೀ ಅವರೆಕಾಳು ಹಿದುಕ್ತಾ ಕೂತಿದೀಯ. ಇವತ್ತು ಬುಧವಾರ ಕಣೇ! ಕಟ್ಕೊಂಡ ಗಂಡ ಕಪ್ಪು ಗೆದ್ಕೊಂಡು ಬಂದಿದಾನೆ... ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ನಾಲ್ಕು ತಾಲ್ಲೂಕಿಗೆ ಸೇರಿ ಒಂದೇ ಕಪ್ಪು... ಒಂದು ಲೋಟ ಪಾಯಸ ಬೇಡ್ವೇ? ಹಂಗೆ ನೋಡ್ಬೇಡ. ಯಾರೋ ಏನೋ ನಿನ್ನ ಕಿವೀಲಿ ಊದಿದಾರೆ. ನಿಮ್ಮಣ್ಣನ ಮಗ ಅಚ್ಯುತ್ ಫೋನ್ ಮಾಡಿದ್ನಾ? ಇಲ್ವಾ? ಮತ್ತೆ ಇನ್ನೇನು?

ಸರಿ. ಆಫೀಸಿಗೆ ಇನ್ನೂ ಒಂದು ಗಂಟೆ ಇದೆ. ಮೊದಲಿಂದ ಹೇಳ್ತೀನಿ, ಕೇಳಿಸ್ಕೋ. ಆಮೇಲೆ ನೀನೇ ನ್ಯಾಯ ಹೇಳು.

ಈ ಕೋಟೆ ಕಾಳಗ ಆಟ ಇದೆಯಲ್ಲ... ಇಸ್ಪೀಟಲ್ಲ ಕಣೇ, ಎಷ್ಟು ಸಲ ಹೇಳ್ಲಿ! ಕಾರ್ಡು ಪೊಟ್ಟಣದಲ್ಲಿ ಬರುತ್ತೆ. ಒಳಗೆ ಯಾವ್ದಿದೆ ಅಂತ ಒಡೆಯೋವರೆಗೂ ಗೊತ್ತಾಗಲ್ಲ. ಸಿಕ್ಕಿದ್ದರಲ್ಲಿ ನಲವತ್ತು ಆರಿಸಿ ನಮ್ಮ ಡೆಕ್ಕು ನಾವೇ ಕಟ್ಕೋಬೇಕು. ಎದುರಿನೋರ ಕೋಟೆ ಕೆಡವಿದ್ರೆ ಗೆದ್ವಿ. ಆನೆ ಸಿಗೋದು ನೂರು ಪೊಟ್ಟಣಕ್ಕೆ ಒಂದು. ನನ್ನ ಹತ್ರ ಐದಿದೆ! ಗೊತ್ತು, ಗೊತ್ತು. "ಐದು ಆನೆ ಸಾಕೋರ ಮನೇಲಿ ಮಿಕ್ಸಿ ಕೆಟ್ಟು ಆರು ತಿಂಗಳಾಯ್ತು" ಅಂತ ಹೋದ ದೀಪಾವಳೀಲಿ ಅಂದೆಯಲ್ಲ, ಮರೆತಿಲ್ಲ. ಈಗ ಅದಲ್ಲ ವಿಷಯ.

ವಿಷಯ ಏನಪ್ಪಾ ಅಂದ್ರೆ, ಜೆರಾಕ್ಸ್ ಅಂಗಡಿ ಮೇಲಿನ ಆ ಹಾಲ್‌ನಲ್ಲಿ ಸಂಘ ಕಟ್ಟಿದ್ದು ಯಾರು? ನಾನು. ಸಂಸ್ಥಾಪಕ ಅಧ್ಯಕ್ಷರು ಯಾರು? ದಕ್ಷಿಣಾಮೂರ್ತಿಗಳು, ಅಂದ್ರೆ ನಾನೇ. ಆಫೀಸಲ್ಲಿ ಮೂವತ್ತೊಂದು ವರ್ಷ ಫೈಲು ಹೊತ್ತಿದೀನಿ, ನಾನು ಒಳಗೆ ಬಂದ್ರೆ ಅಟೆಂಡರ್ ಕೂಡ ಕಾಲು ಮಡಿಸಲ್ಲ. ಅದೇ ಭಾನುವಾರ ಆ ಮೆಟ್ಟಿಲು ಹತ್ತೋ ಸದ್ದು ಕೇಳಿದ್ರೆ ಮೂವತ್ತು ಜನ ಎದ್ದು ನಿಲ್ತಾರೆ. "ಸಾರ್ ಬಂದ್ರು, ಸಾರ್ ಬಂದ್ರು..." ನಿಂಗೆ ಅದು ಅರ್ಥ ಆಗಲ್ಲ ಬಿಡು.

ಅಲ್ಲಿಗೆ ಬಂದಳು ನೋಡು ಆ ಮಂಗಮ್ಮ. ಪೆರೇಸಂದ್ರದ ಕಡೆ ಅಂಗನವಾಡಿ ಟೀಚರು. ಕೆಳಗೆ ಜೆರಾಕ್ಸ್ ಮಾಡಿಸೋಕೆ ಬಂದೋಳು ಮೇಲೆ ಹತ್ತಿ ಬಂದು, ಬಾಗಿಲ ಹೊರಗೇ ನಿಂತು, "ಸಾರ್, ನಿಮಗೆ ಬೇಡದ ಕಾರ್ಡಿದ್ರೆ ಕೊಡ್ತೀರಾ? ಮಕ್ಕಳಿಗೆ ಎಣಿಸೋದು ಕಲಿಸ್ತೀನಿ" ಅಂದ್ಳು. ಬೇಡದ್ದು ಅಂದ್ರೆ ಕೂಲಿಯಾಳು. ಒಂದೊಂದು ಪೊಟ್ಟಣದಲ್ಲೂ ಮೂರು ಮೂರು ಬರ್ತಾನೆ, ಶನಿ! ತಲೆ ಮೇಲೆ ಮಣ್ಣಿನ ಬುಟ್ಟಿ, ಬಲ ಒಂದು. ಒಂದೇ ಒಂದು! ಮೇಜು ಅಲ್ಲಾಡಿದ್ರೆ ಕಾಲಿಗೆ ಕೊಡೋಕೆ ನಾವು ಅವನ್ನೇ ಮಡಚ್ತಿದ್ದಿದ್ದು. ನಾನೇ ಒಂದು ಚಪ್ಪಲಿ ಡಬ್ಬದ ತುಂಬ ತುಂಬಿ ಕೊಟ್ಟೆ. ನನ್ನ ಕೈಯಾರೆ ಕಣೇ! ಫೋಟೋ ತೆಗೆಸಿ ಗ್ರೂಪಿಗೆ ಹಾಕ್ದೆ, "ಅಧ್ಯಕ್ಷರಿಂದ ವಿದ್ಯಾದಾನ" ಅಂತ. ಎಷ್ಟು ಜನ ಕೈ ಮುಗಿದಿದ್ರು ಗೊತ್ತಾ ಅದಕ್ಕೆ?

ದಸರಾ ಕಳೀತು. ಒಂದು ಭಾನುವಾರ ಮತ್ತೆ ಬಂದ್ಳು. ಡಬ್ಬ ವಾಪಸ್ ಕೊಡೋಕೆ ಬಂದಿರಬೇಕು ಅಂದ್ಕೊಂಡೆ. "ಸಾರ್, ನಾನೂ ಒಂದಾಟ ಆಡ್ಲಾ?" ಅಂದ್ಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ದೊಡ್ಡ ಮನಸ್ಸು ಮಾಡಿ, "ಬಾಮ್ಮ, ಕೂತ್ಕೋ" ಅಂದೆ. ನಾನೇನು ಜಾತಿ ಗೀತಿ ನೋಡೋನಲ್ಲ, ನಿಂಗೇ ಗೊತ್ತು... ಯಾಕೆ ನಗ್ತೀಯಾ? ಆವತ್ತು ಪೇಪರ್ ಲೋಟ ತರಿಸಿದ್ದು ಎಲ್ಲರಿಗೂ ಕಣೇ, ಅವಳೊಬ್ಬಳಿಗೇ ಅಲ್ಲ! ಮುಂಚೆ ಸ್ಟೀಲ್ ಲೋಟ ಇತ್ತು, ಆವತ್ತಿಂದ ಪೇಪರ್ ಆಯ್ತು. ಸ್ವಚ್ಛತೆ ದೃಷ್ಟಿಯಿಂದ. ಸರಿ, ಬಿಡು.

ಏಳು ನಿಮಿಷ! ಏಳೇ ನಿಮಿಷದಲ್ಲಿ ನನ್ನ ಕೋಟೆ ನೆಲಸಮ. ಅವಳ ಡೆಕ್ಕಿನಲ್ಲಿ ಏನಿತ್ತು ಹೇಳು? ನಲವತ್ತೂ ಕೂಲಿಯಾಳು! ಆ ಕಾರ್ಡಿನ ಕೆಳಗೆ ಇರುವೆ ಸಾಲಿನ ಥರ ಒಂದು ವಾಕ್ಯ ಇದೆಯಂತೆ. "ಪಕ್ಕದಲ್ಲಿ ಇನ್ನೊಬ್ಬ ಕೂಲಿಯಾಳಿದ್ದರೆ ಇಬ್ಬರ ಬಲವೂ ಒಂದೊಂದು ಹೆಚ್ಚುತ್ತದೆ." ಮೂರು ವರ್ಷದಿಂದ ಆಡ್ತಾ ಇದೀವಿ, ಒಬ್ಬನೂ ಓದಿರಲಿಲ್ಲ. ಮಕ್ಕಳಿಗೆ ಓದಿ ಹೇಳೋವಾಗ ಇವಳು ಓದಿದಾಳೆ. ಒಬ್ಬನ ಪಕ್ಕ ಒಬ್ಬ, ಅವನ ಪಕ್ಕ ಇನ್ನೊಬ್ಬ... ಬುಟ್ಟಿ ಹೊತ್ಕೊಂಡು ಬರ್ತಾನೇ ಇದಾರೆ, ಬರ್ತಾನೇ ಇದಾರೆ. ನನ್ನ ಆನೆ ಹಿಂದಕ್ಕೆ ಹೆಜ್ಜೆ ಇಡ್ತು ಗೋದಾ!

ಸೋಲು ದೊಡ್ಡದಲ್ಲ. ಎರಡನೇ ಆಟ ಹಾಕಿದ್ವಿ. ಗೆದ್ದೆ. ಎಲ್ಲರೂ ಚಪ್ಪಾಳೆ ಹೊಡೆದ್ರು. ಆದ್ರೆ ಅವಳ ಮುಖ ನೋಡ್ದೆ... ಬೇಕಂತಲೇ ಬಿಟ್ಕೊಟ್ಟಿದಾಳೆ. ಅಳೋ ಮಗೂಗೆ ಬಿಟ್ಕೊಡ್ತಾರಲ್ಲ, ಹಂಗೆ! "ಚೆನ್ನಾಗಿ ಆಡಿದ್ರಿ ಸಾರ್" ಅಂದ್ಳು. ಅಷ್ಟೂ ಜನದ ಮುಂದೆ. ಅಂಗನವಾಡೀಲಿ ಅನ್ನೋ ದನೀಲಿ!

ಆವತ್ತು ರಾತ್ರಿ ನಾನು ಊಟ ಮಾಡಲಿಲ್ಲ. ನೀನು ಅಜೀರ್ಣ ಅಂದ್ಕೊಂಡು ಓಮಿನ ಕಷಾಯ ಕೊಟ್ಟೆ.

ಮುಂದಿನ ವಾರಾನೇ ಸುತ್ತೋಲೆ ಹೊರಡಿಸ್ದೆ. ಕೇಳು, ಎಷ್ಟು ಚೆನ್ನಾಗಿ ಬರೆದಿದ್ದೆ. "ಆಟದ ಘನತೆ ಹಾಗೂ ವೈವಿಧ್ಯವನ್ನು ಕಾಪಾಡುವ ದೃಷ್ಟಿಯಿಂದ, ಒಂದು ಡೆಕ್ಕಿನಲ್ಲಿ ಒಂದೇ ಬಗೆಯ ಮನುಷ್ಯ ಕಾರ್ಡುಗಳು ಮೂರಕ್ಕೆ ಮೀರತಕ್ಕದ್ದಲ್ಲ. ಪ್ರಾಣಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ." ಏನು ತಪ್ಪಿದೆ? ಆನೆ ಮನುಷ್ಯನಾ? ಅಲೀಪುರದ ಮೀರ್ ಅಬ್ಬಾಸ್ ಎದ್ದು ನಿಂತು, "ಸಾರ್, ಈ ಹಿಸಾಬಲ್ಲಿ ಆನೇನೂ ಮೂರೇ ಇರಬೇಕಲ್ವಾ?" ಅಂದ. ಉಂಗುರದ ಹರಳು ಉಜ್ಜೋನಿಗೆ ಕಾನೂನು ಏನು ತಿಳಿಯುತ್ತೆ! ಚಿಂತಾಮಣಿ ಗೊಬ್ಬರದ ಅಂಗಡಿ ರಮೇಶ್‌ಬಾಬು ಮಾತ್ರ, "ಭೇಷ್ ಸಾರ್" ಅಂದ. ಅಂದೋನು ಹತ್ತು ನಿಮಿಷಕ್ಕೆ ವಾಪಸ್ ಬಂದ, ಅವನ ಹತ್ರ ನಾಲ್ಕು ಮಹಾರಾಜ ಇದಾರಂತೆ. ಸರಿ, ತಿದ್ದುಪಡಿ. "ರಾಜರು ಮತ್ತು ರಾಜಬಂಧುಗಳನ್ನು ಹೊರತುಪಡಿಸಿ." ಗೌರಿಬಿದನೂರಿನ ಕಾಲೇಜಿನವರು ಎಂಟೆಂಟು ಬಿಲ್ಲಾಳು ಇಟ್ಕೊಂಡಿದ್ರು, ಅವರ ಡೆಕ್ಕೆಲ್ಲ ಕೆಡ್ತು. ನಾಲ್ಕು ಜನ ಬರೋದೇ ಬಿಟ್ಟರು. ಬಿಡ್ಲಿ! ಘನತೆ ಮುಖ್ಯ.

ಮಂಗಮ್ಮ ಏನು ಮಾಡಿದ್ಳು ಅಂತೀಯ? ಕೂಗಾಡಲಿಲ್ಲ. ಅತ್ತು ಕರೀಲಿಲ್ಲ. ಸುತ್ತೋಲೆ ಎರಡು ಸಲ ಓದಿ, ಮಡಚಿ ಬ್ಯಾಗಲ್ಲಿಟ್ಕೊಂಡು, "ಪರವಾಲೇದು ಸಾರ್. ಮೂರು ಅಂದ್ರೆ ಮೂರು" ಅಂದ್ಳು. ಒಂದು ವಾರ ನಿದ್ದೆ ಬಂತು ನಂಗೆ. ಆಮೇಲೆ ಗೊತ್ತಾಯ್ತು, ಹಾಲ್‌ನಲ್ಲಿ ಮೇಜು ಮೇಜಿಗೆ ಹೋಗಿ, ಎಲ್ಲರ ಹತ್ರಾನೂ ಬೇಡದ ಕಾರ್ಡು ಕೇಳಿದಾಳೆ. ಅಬ್ಬಾಸ್ ಒಬ್ಬ ಅಂಬಿಗನ್ನ ಕೊಟ್ಟಿದಾನೆ. ಇನ್ಯಾರೋ ಅಗಸ, ಇನ್ಯಾರೋ ಸೂಲಗಿತ್ತಿ, ಬಾವಿ ತೋಡೋನು, ಬುಟ್ಟಿ ಹೆಣೆಯೋಳು... ಒಂದೂರಿಗೆ ಊರನ್ನೇ ಎಬ್ಬಿಸಿಕೊಂಡು ಬಂದ್ಳು ಕಣೇ ಈ ಕಪ್ಪಿನ ಪಂದ್ಯಕ್ಕೆ! ಕೂಲಿಯಾಳು ಮೂರೇ. ಮಿಕ್ಕೋರೆಲ್ಲ ಬೇರೆ ಬೇರೆ. ಅವರ ಕಾರ್ಡಿನ ಕೆಳಗೂ ಅಂಥದ್ದೇ ಸಣ್ಣಕ್ಷರದ ವಾಕ್ಯ ಇದೆಯಂತೆ, ಅದನ್ನೂ ಓದಿದ್ದು ಅವಳೊಬ್ಬಳೇ. ನನ್ನ ನಿಯಮಕ್ಕೆ ಒಂದು ಕೂದಲೆಳೆಯಷ್ಟೂ ಭಂಗ ಇಲ್ಲ. ಶಿಡ್ಲಘಟ್ಟದೋರು ಬಿದ್ರು, ರಮೇಶ್‌ಬಾಬೂನ ನಾಲ್ಕೂ ಮಹಾರಾಜರು ಬಿದ್ರು. ಫೈನಲ್‌ಗೆ ಅವಳು, ನಾನು.

ಭಾನುವಾರ ಬೆಳಿಗ್ಗೆ ಮೊದಲನೇ ಸುತ್ತು ಅವಳದ್ದೇ. ನನ್ನ ದೊಡ್ಡಾನೆ ಅವಳು ತೋಡಿದ ಬಾವೀಲಿ ಬಿತ್ತು. ಜನ ಸಿಳ್ಳೆ ಹೊಡೆದ್ರು ಗೋದಾ. ನನ್ನ ಸಂಘದೋರು, ನಾನು ಕೂರಿಸಿದ ಕುರ್ಚೀಲಿ ಕೂತ್ಕೊಂಡು! ಆಮೇಲೆ ಊಟಕ್ಕೆ ಬಿಟ್ವಿ. ನೀನು ಚಿತ್ರಾನ್ನ ತಂದಿದ್ಯಲ್ಲ, ಎಲ್ಲರೂ ಹೊಗಳಿದ್ರು. ಕಡ್ಲೆಕಾಯಿ ಬೀಜ ಇನ್ನೊಂಚೂರು...

ಸರಿ ಸರಿ. ಊಟ ಆದ್ಮೇಲೆ, ತೀರ್ಪುಗಾರ ಅಚ್ಯುತ್ ಇದ್ದ, ಅವನಿಗೆ ನಾನು ಹೇಳ್ದೆ, "ಫೈನಲ್ ಅಲ್ವೇನಪ್ಪ, ಇಬ್ಬರ ಡೆಕ್ಕೂ ಒಂದ್ಸಲ ಎಣಿಸಿಬಿಡು" ಅಂತ. ನನ್ನದೂ ಎಣಿಸು ಅಂದೆ, ಪಕ್ಷಪಾತ ಬೇಡ ಅಂತ. ನನ್ನದು ನಲವತ್ತು. ಅವಳದ್ದು ನಲವತ್ತೊಂದು! ಕೂಲಿಯಾಳು ನಾಲ್ಕು! ಅವಳು ಆ ಕಾರ್ಡನ್ನೇ ನೋಡ್ತಾ ನಿಂತಿದ್ಳು. ಆಮೇಲೆ ಅಂದ್ಳು, "ಹತ್ತೊಂಬತ್ತು ವರ್ಷದಿಂದ ಮಕ್ಕಳಿಗೆ ಒಂದು, ಎರಡು, ಮೂರು ಹೇಳ್ಕೊಡ್ತಾ ಇದೀನಿ ಸಾರ್. ಮೂರಾದ್ಮೇಲೆ ನಾಲ್ಕು ಬರುತ್ತೆ ಅಂತ ನಂಗೂ ಗೊತ್ತು." ಅಷ್ಟೇ. ಬ್ಯಾಗು ತಗೊಂಡು ಹೋದ್ಳು.

ನಿಯಮ ನಿಯಮವೇ. ಅನರ್ಹ. ಕಪ್ಪು ನನಗೆ. ನಾನೇನು ಕೇಳಿದ್ನಾ?

ನನ್ನ ಫೋನ್ ಕಡೆ ಯಾಕೆ ನೋಡ್ತೀಯಾ, ಗ್ರೂಪಿಗೆ ಬರೆದಿದ್ದಾ? ಹೂಂ, ನಾನೇ ಬರೆದೆ. "ಅಂಗನವಾಡಿ ಟೀಚರ್ ಕಳ್ಳಾಟ ಬಯಲು." ಶೀರ್ಷಿಕೆ ಒಂಚೂರು ಖಾರ ಆಯ್ತು, ಒಪ್ಕೋತೀನಿ. ಅದು ಪೆರೇಸಂದ್ರಕ್ಕೂ ಹೋಗುತ್ತೆ ಅಂತ ನಾನೇನು ಕನಸು ಕಂಡಿದ್ನಾ? ಸೋಮವಾರ ಇಬ್ಬರು ತಾಯಂದಿರು ಬಂದು ಮಕ್ಕಳನ್ನ ಕರ್ಕೊಂಡು ಹೋದ್ರಂತೆ. "ಕಾರ್ಡಾಡೋ ಟೀಚರು, ಅದರಲ್ಲೂ ಮೋಸ" ಅಂತ. ಮೇಲಿನೋರು ಲಿಖಿತ ಉತ್ತರ ಕೇಳಿದಾರಂತೆ. ಅಚ್ಯುತ್ ಹೇಳ್ದ. ಪಾಪ... ಆದ್ರೆ ನಾನೇನು ಮಾಡ್ಲಿ? ಕಾರ್ಡು ಸಿಕ್ಕಿದ್ದು ಅವಳ ಡೆಕ್ಕಲ್ಲಿ. ಸೂಲಗಿತ್ತಿ ಮತ್ತೆ ಅಂಬಿಗನ ನಡುವೆ, ತಲೆಕೆಳಗಾಗಿ, ಅವಸರದಲ್ಲಿ ತುರುಕಿದ ಹಂಗೆ... ಡೆಕ್ಕಿಟ್ಟಿದ್ದ ಅವಳ ಬ್ಯಾಗೋ, ಆ ಒತ್ತುಗುಂಡಿ ಎಷ್ಟು ಬಿಗಿ ಅಂತೀಯ, ಉಗುರು ಕಿತ್ಕೊಂಡು ಬರುತ್ತೆ, ತೆಗೆದ್ರೆ ಟಪ್ ಅಂತ ಬೀದಿಗೆಲ್ಲ ಕೇಳೋ ಹಂಗೆ...

ಏನು?

ಏನೂ ಅನ್ನಲಿಲ್ವಾ? ಮತ್ತೆ ಯಾಕೆ ಹಿದುಕೋದು ನಿಲ್ಲಿಸ್ದೆ?

ಒತ್ತುಗುಂಡಿ ವಿಷಯ ನಂಗೆ... ಅಚ್ಯುತ್ ಹೇಳ್ದ. ಇಲ್ಲ, ಅಚ್ಯುತ್ ಎಲ್ಲರ ಜೊತೆ ಕೈ ತೊಳೆಯೋಕೆ ಕೆಳಗೆ ಹೋಗಿದ್ದ... ಬ್ಯಾಗು ಅಂದ್ಮೇಲೆ ಎಲ್ಲದರ ಗುಂಡೀನೂ ಬಿಗಿಯಾಗೇ ಇರುತ್ತೆ ಕಣೇ! ಈ ಉಗುರಾ? ಇದು ಸ್ಕೂಟರ್ ಸ್ಟ್ಯಾಂಡಿಗೆ ತಾಗಿದ್ದು. ಮಾತಾಡೇ! ಬೈಯಾದ್ರೂ ಬೈ! ಹಿಂಗೆ ಕೂತ್ರೆ ಹೆಂಗೆ?

ಗೋದಾ... ಮಜ್ಜಿಗೆ ತರೋಕೆ ಅಂತ ಇಳಿದು ಹೋಗಿದ್ಯಲ್ಲ ಆವತ್ತು... ಯಾವಾಗ ಮೇಲೆ ಬಂದೆ?

ಬಾಗಿಲ ಹತ್ರ ನಿಂತಿದ್ಯಾ?

ಒಂದೇ ಒಂದು ಕಾರ್ಡು ಕಣೇ. ನನ್ನ ಜೇಬಲ್ಲೇ ಇತ್ತು, ಬೆಳಿಗ್ಗೆಯಿಂದ. ಹಾಕ್ಬೇಕು ಅಂತೇನೂ ಇರಲಿಲ್ಲ, ದೇವರಾಣೆ... ಆ ಸಿಳ್ಳೆ ಕೇಳಿದ್ಮೇಲೆ ಕೈ ತಾನಾಗೇ ಹೋಯ್ತು. ಮುಂದಿನ ವರ್ಷ ರಿಟೈರು ಗೋದಾ. ಆಮೇಲೆ ನನ್ನ ನೋಡಿ ಎದ್ದು ನಿಲ್ಲೋರು ಯಾರಿದಾರೆ ಹೇಳು? ನೀನು ನಿಲ್ತೀಯಾ?

ಎಲ್ಲಿಗೆ ಎದ್ದೆ? ಯಾರಿಗೆ ಫೋನು? ಬೇಡ, ಬೇಡ ಕಣೇ... ಅವಳ ನಂಬರ್ ನಿನ್ನ ಹತ್ರ ಹೆಂಗೆ... ಮಾಡ್ಬೇಡ! ಅಯ್ಯೋ, ರಿಂಗಾಗ್ತಾ ಇದೆ! ನನ್ನ ಕೈಗೆ ಕೊಡ್ಬೇಡ, ನಾನೇನು ಹೇಳ್ಲಿ...

ಹಲೋ... ಮಂಗಮ್ಮನವರಾ? ನಾನು... ದಕ್ಷಿಣಾಮೂರ್ತಿ. ಹೂಂ, ಸಂಘದ... ತಿಂಡಿ ಆಯ್ತಾ? ಆಯ್ತಾ. ಒಳ್ಳೇದು. ಇಲ್ಲಿ ಚಳಿ ಜಾಸ್ತಿ, ನಿಮ್ಮ ಕಡೆ ಹೆಂಗೆ... ಗೋದಾ, ಹಂಗೆ ನೋಡ್ಬೇಡ, ಹೇಳ್ತಾ ಇದೀನಲ್ಲ!

ಮಂಗಮ್ಮನವರೇ, ಆ ನಾಲ್ಕನೇ ಕೂಲಿಯಾಳು... ಅವನು ನಿಮ್ಮೋನಲ್ಲ. ನನ್ನೋನು. ನಾನೇ ಇಟ್ಟಿದ್ದು. ಗ್ರೂಪಲ್ಲೂ ಬರೀತೀನಿ, ನಿಮ್ಮ ಮೇಲಿನೋರಿಗೂ ಬರೆದು ಕೊಡ್ತೀನಿ, ಸಹಿ ಹಾಕಿ...

ಹಲೋ? ಕೇಳಿಸ್ತಾ? ಹಲೋ?

ಗೋದಾ... ಲೈನ್ ಕಟ್ಟಾಗಿಲ್ಲ ಕಣೇ. ಮಕ್ಕಳ ಗಲಾಟೆ ಕೇಳಿಸ್ತಾ ಇದೆ. ಇವರೂ ಮಾತಾಡ್ತಾ ಇಲ್ಲ.