ನಿಗಾರ್ ಅವರಿಗೆ ಶಾಲು ಹೊದಿಸುವ ಮುನ್ನ

ನಮ್ಮ ಕನ್ನಡ ಸಂಘದ ಅಧ್ಯಕ್ಷೆ ಹೇಮಲತಾ ಅವರೇ, ಇಂದು ಸನ್ಮಾನಗೊಳ್ಳುತ್ತಿರುವ ಮನೋವೈದ್ಯೆ ಡಾಕ್ಟರ್ ನಿಗಾರ್ ಅವರೇ, ಬಿಸಿಬೇಳೆಬಾತಿನ ಪರಿಮಳ ಬರುತ್ತಿದ್ದರೂ ಕುರ್ಚಿ ಬಿಡದೆ ಕುಳಿತಿರುವ, ಕಡಲಾಚೆಯ ಈ ಡಿಡ್ಸ್‌ಬರಿಯ ಸಭಿಕರೇ,

ಚುಟುಕಾಗಿ ಮಾತಾಡಿ ಎಂದಿದ್ದಾರೆ. ಪ್ರಯತ್ನಿಸುತ್ತೇನೆ. ಖಿನ್ನತೆಯಲ್ಲಿರುವವರು ಮಾತಾಡುವಾಗ ಅವರ ಕೈಗಳು ಹೇಗಿರುತ್ತವೆ ಎಂಬ ಅಧ್ಯಯನಕ್ಕೆ ನಿಗಾರ್ ಅವರಿಗೆ ಬಹುಮಾನ ಬಂದಿದೆ. ಸಂತೋಷ. ಆದರೆ ನಾನು ಯಾರು? ಕೈ ಸರ್ಜನ್. ಮುರಿದ ಬೆರಳು, ತುಂಡಾದ ನರ ಎಂದರೆ ದಿವಾಕರನ ಹತ್ತಿರ ಕಳಿಸಿ ಎನ್ನುತ್ತಾರೆ. ಕೈ ನನ್ನ ಇಲಾಖೆ. ಕೈಯ ಹೆಸರಲ್ಲಿ ಬಹುಮಾನ ಬಂದದ್ದು ಯಾರಿಗೆ? ಒಂದು ಹೊಲಿಗೆಯನ್ನೂ ಹಾಕದವರಿಗೆ. ತಮಾಷೆಗೆ ಹೇಳಿದೆ, ನಗಬಹುದು.

ಇವರು ಕಂಡುಕೊಂಡದ್ದು ಇಷ್ಟು. ಮನಸ್ಸು ಕುಗ್ಗಿದವರಲ್ಲಿ ಮಾತಿನ ಜೊತೆ ಏಳಬೇಕಾದ ಕೈ ಎಷ್ಟೋ ಸಲ ಏಳುವುದಿಲ್ಲ. ಬೆರಳು ಬೆರಳನ್ನೇ ಉಜ್ಜುತ್ತದೆ, ಸೆರಗಿನ ತುದಿ ಸುತ್ತುತ್ತದೆ. ಈಗ ತಾನೇ, ಒಪ್ಪಿಗೆ ಪಡೆದು, ಮುಖ ಕಾಣದಂತೆ ವಿಡಿಯೊ ತೆಗೆದ ಒಂದು ಜೊತೆ ಕೈಗಳನ್ನು ಪರದೆಯ ಮೇಲೆ ತೋರಿಸಿದರು. ಚಿಕಿತ್ಸೆ ಶುರುವಾದಾಗಿನ ಮೊದಲ ತುಣುಕಿನಲ್ಲಿ ಅವು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಕೊನೆಯದರಲ್ಲಿ, ಮಾತು ಕೇಳಿಸದಿದ್ದರೂ, ಹೋಳಿಗೆ ತಟ್ಟಿದ್ದು, ಟ್ರಾಮ್ ತಪ್ಪಿದ್ದು, ಅತ್ತೆ ಮೂಗು ಮುರಿದದ್ದು ಎಲ್ಲ ಆ ಕೈಯಲ್ಲೇ ಇತ್ತು. ನೀವೆಲ್ಲ ನಕ್ಕಿರಿ.

ನಾನು ನಗಲಿಲ್ಲ. ಎಡ ಮಣಿಕಟ್ಟಿನ ಮೇಲಿನ ಸುಟ್ಟ ಕಲೆ ನನಗೆ ಗೊತ್ತು. ಯುಗಾದಿಯ ದಿನ ಹೋಳಿಗೆ ಕಾವಲಿ ತಗುಲಿದ್ದು. ಮುಲಾಮು ಹಚ್ಚಿದವನು ನಾನೇ. ಕಲೆ ಉಳಿಯಲ್ಲ ದಾಕ್ಷಾಯಣಿ, ಎಂದವನೂ ನಾನೇ.

ಹೆಸರು ಹೇಳಬಾರದಿತ್ತು. ಬಾಯಿ ತಪ್ಪಿ ಬಂತು.

ನನ್ನ ಹೆಂಡತಿ ಮಂಗಳವಾರ ಹೋಗುವುದು ಕೇಕ್ ಕ್ಲಾಸಿಗೆ ಎಂದುಕೊಂಡಿದ್ದೆ. ಒಂದು ಕೇಕೂ ಮನೆಗೆ ಬರಲಿಲ್ಲವೇಕೆ ಎಂದು ಕೇಳಲಿಲ್ಲ. ಮನೆಯಲ್ಲಿ ಆ ಕೈ ತಟ್ಟೆ ಇಡುತ್ತದೆ, ರಿಮೋಟು ಕೊಡುತ್ತದೆ, ಅಷ್ಟೇ. ಹಿಡಿತ ಗಟ್ಟಿಯಾಗಿದೆ, ಬೆರಳು ಮಡಚುತ್ತದೆ, ಕೈಗೇನೂ ಆಗಿಲ್ಲ ಎಂದು ನಾನು ನೆಮ್ಮದಿಯಾಗಿದ್ದೆ. ನಿಗಾರ್ ಅವರ ಕೋಣೆಯಲ್ಲಿ ಮಾತ್ರ ಅದು ಅಷ್ಟೆಲ್ಲ ಮಾತಾಡಬೇಕೆ? ನನಗೆ ಹೊಟ್ಟೆಕಿಚ್ಚಾಗಿದೆ. ಬಹುಮಾನಕ್ಕಲ್ಲ, ಬಹುಮಾನ ಇನ್ನೂ ಬರಲಿ. ಆ ಮುರಿದ ಮೂಗು ನಮ್ಮಮ್ಮನದು. ನನಗೊಮ್ಮೆ ತೋರಿಸಿದ್ದರೆ ನಾನೂ ನಗುತ್ತಿದ್ದೆ.

ನಿಗಾರ್ ಅವರೇ, ದಯವಿಟ್ಟು ನನ್ನ ಕೈ ನೋಡಬೇಡಿ. ಮೈಕನ್ನು ಎರಡೂ ಕೈಯಲ್ಲಿ ಹಿಡಿಯುವುದು ನನ್ನ ಅಭ್ಯಾಸ.

ಸಭಿಕರೇ, ಎರಡನೆಯ ಸಾಲಿನಲ್ಲಿ ಒಂದು ಕೈ ಮೇಲೆದ್ದಿದೆ. ‘ಸಾಕ್ರೀ, ಇಳಿದು ಬನ್ನಿ’ ಎನ್ನುತ್ತಿದೆ. ಕೋಪ ಬಂದಿದೆ, ಬಳೆಯ ಸದ್ದು ಇಲ್ಲಿಗೇ ಕೇಳುತ್ತಿದೆ. ಆ ಕೈ ನನ್ನ ಜೊತೆ ಮಾತಾಡಿ ಬಹಳ ಕಾಲವಾಗಿತ್ತು.

ಶಾಲನ್ನು ಹೇಮಲತಾ ಅವರೇ ಹೊದಿಸಲಿ. ಇಷ್ಟು ಹೊತ್ತು ಸಹಿಸಿದ ನಿಮಗೆ, ಮನಸ್ಸಿಲ್ಲದ ಮನಸ್ಸಿನಿಂದ ನಿಗಾರ್ ಅವರಿಗೂ, ಧನ್ಯವಾದ. ನನ್ನನ್ನು ಕರೆಯುತ್ತಿದ್ದಾರೆ, ಹೋಗುತ್ತೇನೆ. ನಮಸ್ಕಾರ.